ಕಳುಹಿಸಿದ ಸಂದೇಶ ತಲುಪದಿರುವುದೇಕೆ? ಮೊಬೈಲ್ ಕಂಪನಿಗಳ ಜರಡಿ ಮತ್ತು ನಮ್ಮ ವ್ಯಾಪಾರ

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಹೈದರಾಬಾದಿಗೆ ಹೊರಡಬೇಕಾದ ಲಾರಿಯೊಂದು ಸರಕು ತುಂಬಿಕೊಂಡು ನಿಂತಿದೆ ಎಂದು ಭಾವಿಸೋಣ. ಇ-ವೇ ಬಿಲ್ ತೆಗೆಯಲು ಗುಮಾಸ್ತರು ಗಣಕಯಂತ್ರದ ಮುಂದೆ ಕುಳಿತಿದ್ದಾರೆ. ಒ.ಟಿ.ಪಿ. ಬರಬೇಕು, ಬರುತ್ತಿಲ್ಲ. ಅದೇ ಹೊತ್ತಿಗೆ ಬಸವಕಲ್ಯಾಣದ ಬಟ್ಟೆ ವರ್ತಕರೊಬ್ಬರು ಹಬ್ಬದ ರಿಯಾಯಿತಿಯ ಬಗ್ಗೆ ಸಾವಿರ ಗಿರಾಕಿಗಳಿಗೆ ಕಳುಹಿಸಿದ ಎಸ್.ಎಂ.ಎಸ್. ಒಬ್ಬರಿಗೂ ತಲುಪಿಲ್ಲ, ಹಣ ಮಾತ್ರ ಖಾತೆಯಿಂದ ಕಡಿತವಾಗಿದೆ. ಇಬ್ಬರೂ ದೂರುವುದು ಮೊಬೈಲ್ ಕಂಪನಿಯನ್ನೇ. ಆದರೆ ಈ ಎರಡು ತೊಂದರೆಗಳ ಮೂಲ ಬೇರೆ ಬೇರೆ, ಪರಿಹಾರವೂ ಬೇರೆ. ಈ ವ್ಯತ್ಯಾಸ ತಿಳಿಯದೆ ಗ್ರಾಹಕ ಸೇವಾ ಕೇಂದ್ರಕ್ಕೆ ಕರೆ ಮಾಡಿದವರಿಗೆ ಸಂಗೀತ ಕೇಳುವ ಭಾಗ್ಯವಷ್ಟೇ ಲಭಿಸುತ್ತದೆ.

ಸಂದೇಶಗಳನ್ನು ಸೋಸುವ ವ್ಯವಸ್ಥೆ ಇಂದು ನಿನ್ನೆಯದಲ್ಲ. ಬೇಡದ ಜಾಹೀರಾತು ಕರೆಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲಿ ಮೊದಲ ನಿಯಮಾವಳಿಯನ್ನು ತಂದಿತು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ತೊರೆದಾಗ, ಕೇಂದ್ರ ಸರ್ಕಾರವು ಸಾಮೂಹಿಕ ಎಸ್.ಎಂ.ಎಸ್.ಗೆ 15 ದಿನಗಳ ನಿರ್ಬಂಧ ವಿಧಿಸಿತು. ಮೊದಲು 5 ಎಂದಿದ್ದ ಮಿತಿಯನ್ನು ಕೆಲವೇ ದಿನಗಳಲ್ಲಿ 20ಕ್ಕೆ ಏರಿಸಲಾಯಿತು. ಅದು ತಾತ್ಕಾಲಿಕ ಕ್ರಮ. ಇಂದು ನಮ್ಮ ವ್ಯಾಪಾರವನ್ನು ನೇರವಾಗಿ ಮುಟ್ಟುವುದು 2018ರ ಜುಲೈನಲ್ಲಿ ಹೊರಬಂದ ನಿಯಮಾವಳಿ.

ಇದರ ಪ್ರಕಾರ ವ್ಯಾಪಾರದ ಉದ್ದೇಶದಿಂದ ಸಾಮೂಹಿಕ ಸಂದೇಶ ಕಳುಹಿಸುವ ಪ್ರತಿಯೊಬ್ಬರೂ ಯಾವುದಾದರೊಂದು ಮೊಬೈಲ್ ಕಂಪನಿಯ ಡಿ.ಎಲ್.ಟಿ. ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಎಲ್ಲ ಕಂಪನಿಗಳೂ ಹಂಚಿಕೊಂಡಿರುವ ಒಂದು ಲೆಕ್ಕದ ಪುಸ್ತಕ ಇದು ಎಂದು ತಿಳಿಯಬಹುದು. ಸಂಸ್ಥೆಯ ಹೆಸರು, ಪ್ಯಾನ್ ಮುಂತಾದ ದಾಖಲೆಗಳ ನಂತರ ಎರಡು ಸಂಗತಿಗಳಿಗೆ ಅನುಮೋದನೆ ಪಡೆಯಬೇಕು. ಒಂದು, ಹೆಡರ್, ಸಂದೇಶದ ಮೇಲೆ ಕಳುಹಿಸಿದವರ ಹೆಸರಾಗಿ ಕಾಣುವ ಸಂಕೇತ. ಎರಡು, ಟೆಂಪ್ಲೇಟ್, ಅಂದರೆ ಸಂದೇಶದ ಮಾದರಿ ವಾಕ್ಯ. ಗಿರಾಕಿಯ ಹೆಸರು, ಮೊತ್ತ, ದಿನಾಂಕ ಇತ್ಯಾದಿ ಬದಲಾಗುವ ಭಾಗಗಳಿಗೆ ಅದರಲ್ಲಿ ಜಾಗ ಬಿಡಬೇಕು, ಉಳಿದುದೆಲ್ಲ ಸ್ಥಿರ. ನಾವು ಕಳುಹಿಸುವ ಪ್ರತಿಯೊಂದು ಸಂದೇಶವನ್ನೂ ಕಂಪನಿಯ ಯಂತ್ರ ಈ ಮಾದರಿಯೊಡನೆ ಹೋಲಿಸಿ ನೋಡುತ್ತದೆ. ಇದಕ್ಕೆ ಸ್ಕ್ರಬಿಂಗ್ ಎಂದು ಹೆಸರು. ಹೋಲದಿದ್ದರೆ ಸಂದೇಶ ಅಲ್ಲೇ ಬಿದ್ದುಹೋಗುತ್ತದೆ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಸ್ಥಿರ ಭಾಗದಲ್ಲಿ ಒಂದು ಪೂರ್ಣವಿರಾಮ ಹೆಚ್ಚಾದರೂ ಅದು ಬೇರೆಯ ಸಂದೇಶವೇ.

ಈ ಜರಡಿಯ ಬಿಸಿ ಇಡೀ ದೇಶಕ್ಕೆ ತಟ್ಟಿದ್ದು 2021ರ ಮಾರ್ಚ್ 8ರಂದು. ಅಂದು ಸ್ಕ್ರಬಿಂಗ್ ಪೂರ್ಣ ರೂಪದಲ್ಲಿ ಜಾರಿಯಾದಾಗ ಬ್ಯಾಂಕುಗಳ ಒ.ಟಿ.ಪಿ.ಗಳೂ ಸೇರಿದಂತೆ ಅಸಂಖ್ಯ ಸಂದೇಶಗಳು ನಿಂತುಹೋದವು. ಕಳುಹಿಸುವ ಸಂಸ್ಥೆಗಳು ತಮ್ಮ ಮಾದರಿಗಳನ್ನು ನೋಂದಾಯಿಸಿರಲಿಲ್ಲ ಎಂದು ಕಂಪನಿಗಳು ಹೇಳಿದವು. ಮರುದಿನವೇ ಟ್ರಾಯ್ ಈ ಕ್ರಮವನ್ನು 7 ದಿನ ತಡೆಹಿಡಿಯಬೇಕಾಯಿತು. ದೊಡ್ಡ ಬ್ಯಾಂಕುಗಳೇ ಎಡವಿದ ಕಡೆ ನಮ್ಮ ಊರಿನ ಅಂಗಡಿಕಾರರು ಎಡವಿದರೆ ನಾಚಬೇಕಾದುದಿಲ್ಲ.

ಕನ್ನಡದಲ್ಲಿ ಸಂದೇಶ ಕಳುಹಿಸುವ ವರ್ತಕರಿಗೆ ಇನ್ನೂ ಒಂದು ತೊಡಕಿದೆ. ಇದನ್ನು ಯಾವ ಸೇವಾ ಕೇಂದ್ರದವರೂ ತಾವಾಗಿ ಹೇಳುವುದಿಲ್ಲ. ನಮ್ಮ ಅನೇಕ ಕಚೇರಿಗಳಲ್ಲಿ ಇಂದಿಗೂ ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲೇ ಟೈಪ್ ಮಾಡುವ ರೂಢಿಯಿದೆ. ಪರದೆಯ ಮೇಲೆ ಅದು ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಇರುವುದು ಲ್ಯಾಟಿನ್ ಲಿಪಿಯ ಸಂಕೇತಗಳು. ಟೆಂಪ್ಲೇಟ್‌ಗೆ ಯೂನಿಕೋಡ್ ಕನ್ನಡವೇ ಬೇಕು. ಯೂನಿಕೋಡ್‌ನಲ್ಲೂ ‘ಬ್ಯಾಂಕ್‌ನಲ್ಲಿ’ ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುತ್ತದೆ. ನೋಂದಾಯಿಸಿದ ಮಾದರಿಯಲ್ಲಿ ಅದಿದ್ದು, ಕಳುಹಿಸುವಾಗ ಇಲ್ಲದಿದ್ದರೆ, ಹೋಲಿಕೆ ತಪ್ಪುವ ಸಂಭವವಿದೆ. ಆದುದರಿಂದ ಅನುಮೋದಿತ ಮಾದರಿಯನ್ನು ಪೋರ್ಟಲ್‌ನಿಂದಲೇ ನಕಲು ಮಾಡಿಕೊಳ್ಳುವುದು ಲೇಸು; ಮತ್ತೆ ಟೈಪ್ ಮಾಡಬಾರದು. ‘ಬ್ಯಾಂಕಿನಲ್ಲಿ’ ಎಂದು ಬರೆದರಂತೂ ಈ ತಲೆನೋವೇ ಇಲ್ಲ, ಕನ್ನಡವೂ ಚೆನ್ನಾಗಿರುತ್ತದೆ. ವೆಚ್ಚದ ಮಾತೂ ಇದೆ. ಇಂಗ್ಲಿಷಿನ ಒಂದು ಎಸ್.ಎಂ.ಎಸ್.ನಲ್ಲಿ 160 ಅಕ್ಷರಗಳು ಹಿಡಿದರೆ ಕನ್ನಡದಲ್ಲಿ 70 ಮಾತ್ರ, ಅದರಲ್ಲೂ ಗುಣಿತ, ಒತ್ತುಗಳೆಲ್ಲ ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ. ಉದ್ದದ ಕನ್ನಡ ಸಂದೇಶಕ್ಕೆ ಎರಡು ಮೂರು ಪಟ್ಟು ಶುಲ್ಕ ಬೀಳುವುದು ಇದರಿಂದಲೇ ಹೊರತು ಮೋಸದಿಂದಲ್ಲ.

2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಜಾಲತಾಣದ ಕೊಂಡಿಗಳನ್ನೂ ಮುಂಚಿತವಾಗಿ ನೋಂದಾಯಿಸಬೇಕಾಗಿದೆ. ಅದೇ ವರ್ಷದ ಡಿಸೆಂಬರ್‌ನಿಂದ, ವರ್ತಕರಿಂದ ಕಂಪನಿಯವರೆಗೆ ನಡುವೆ ಇರುವ ಎಲ್ಲ ಏಜೆಂಟರ ಸರಪಳಿಯೂ ದಾಖಲಾಗಿರಬೇಕು. ಕಡಿಮೆ ದರಕ್ಕೆ ಸಂದೇಶ ಕಳುಹಿಸಿಕೊಡುವೆನೆಂದು ಬರುವ ಏಜೆಂಟರ ಹೆಸರು ಈ ಸರಪಳಿಯಲ್ಲಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳಿ.

ಇಷ್ಟೆಲ್ಲ ಗೋಜು ಬೇಡವೆಂದು ಕೆಲವರು ಸ್ವಂತ ಸಿಮ್‌ನಿಂದಲೇ ನೂರಾರು ಜನರಿಗೆ ಪ್ರಕಟಣೆ ಕಳುಹಿಸುವುದುಂಟು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಅಪಾಯದ ಉಳಿತಾಯ ಇನ್ನೊಂದಿಲ್ಲ. 2025ರ ಫೆಬ್ರವರಿ 12ರ ತಿದ್ದುಪಡಿಯ ಪ್ರಕಾರ, ನೋಂದಣಿಯಿಲ್ಲದೆ ಕಳುಹಿಸಿದವರ ವಿರುದ್ಧ 10 ದಿನಗಳಲ್ಲಿ 5 ದೂರುಗಳು ಬಂದರೆ ಸಾಕು, ಕ್ರಮ ಆರಂಭವಾಗುತ್ತದೆ. ಮೊದಲ ತಪ್ಪಿಗೆ ಹೊರಹೋಗುವ ಸೇವೆ 15 ದಿನ ಬಂದ್. ಮರುಕಳಿಸಿದರೆ ಆ ವ್ಯಕ್ತಿಯ ಹೆಸರಿನಲ್ಲಿರುವ ಎಲ್ಲ ಸಂಪರ್ಕಗಳೂ, ಯಾವ ಕಂಪನಿಯದೇ ಆಗಲಿ, ಒಂದು ವರ್ಷದ ಕಾಲ ಕಡಿತ. ಜಿ.ಎಸ್.ಟಿ., ಬ್ಯಾಂಕ್, ಆಧಾರ್ ಎಲ್ಲವೂ ಅದೇ ಸಂಖ್ಯೆಗೆ ಜೋಡಣೆಯಾಗಿರುವಾಗ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಿಚಯದ ಗಿರಾಕಿಯೊಬ್ಬರಿಗೆ ಬಾಕಿ ನೆನಪಿಸುವ ಮಾತು ಬೇರೆ, ಐನೂರು ಜನರಿಗೆ ರಿಯಾಯಿತಿ ಸಾರುವುದು ಬೇರೆ.

ಇನ್ನು ಲಾರಿಯ ವಿಷಯಕ್ಕೆ ಬರೋಣ. ಇ-ವೇ ಬಿಲ್ ಪೋರ್ಟಲ್ ಪ್ರವೇಶಕ್ಕೆ ಒ.ಟಿ.ಪಿ. 2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಕಡ್ಡಾಯವಾಗಿದೆ. ಇಲ್ಲಿ ತಪ್ಪು ಹಲವು ಬಾರಿ ಜರಡಿಯದಲ್ಲ; ನೋಂದಾಯಿತ ಸಂಖ್ಯೆ ಕೆಲಸ ಬಿಟ್ಟುಹೋದ ಲೆಕ್ಕಿಗರದಾಗಿರುತ್ತದೆ! ಸಂಖ್ಯೆ ಸರಿಯಿದ್ದೂ ಸಂದೇಶ ಬಾರದಿದ್ದರೆ ಎನ್.ಐ.ಸಿ.-ಜಿ.ಎಸ್.ಟಿ.-ಶೀಲ್ಡ್ ಎಂಬ ಆ್ಯಪ್ ಮೂಲಕವೂ ಒ.ಟಿ.ಪಿ. ಪಡೆಯಬಹುದು. ಅದಕ್ಕೆ ಎಸ್.ಎಂ.ಎಸ್.ನ ಹಂಗಿಲ್ಲ. ಆದರೆ ಲಾರಿ ತುಂಬಿದ ಮೇಲೆ ಆ್ಯಪ್ ಹುಡುಕುವುದಕ್ಕಿಂತ ಈಗಲೇ ಅಳವಡಿಸಿಟ್ಟುಕೊಳ್ಳುವುದು ಒಳ್ಳೆಯದು.

ದೂರಿನ ಹಾದಿಯನ್ನು ಕ್ರಮವಾಗಿ ಹಿಡಿದರೆ ಮಾತ್ರ ಫಲ. ಸಿಮ್‌ಗೆ ಸಂಬಂಧಿಸಿದ ತೊಂದರೆಗೆ 198ಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ ಪಡೆಯಲೇಬೇಕು. ಅದಿಲ್ಲದ ದೂರು ದೂರೇ ಅಲ್ಲ. ನಿಗದಿತ ಅವಧಿಯಲ್ಲಿ ಪರಿಹಾರ ದೊರೆಯದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ಅದು ತೀರ್ಮಾನಿಸಬೇಕು. ಟ್ರಾಯ್‌ಗೆ ನೇರವಾಗಿ ಪತ್ರ ಬರೆದು ಕಾಯುವುದರಲ್ಲಿ ಅರ್ಥವಿಲ್ಲ. ವೈಯಕ್ತಿಕ ದೂರುಗಳನ್ನು ಅದು ಇತ್ಯರ್ಥಪಡಿಸುವುದಿಲ್ಲ. ಟೆಂಪ್ಲೇಟ್ ತಿರಸ್ಕಾರದ ವಿಷಯವಾದರೆ 198ರವರಿಗೆ ಅದರ ಗಂಧವೇ ಇರುವುದಿಲ್ಲ. ಪೋರ್ಟಲ್ ನಡೆಸುವ ವಿಭಾಗಕ್ಕೆ ಇ-ಮೇಲ್ ಬರೆದು, ತಿರಸ್ಕಾರದ ಕಾರಣವನ್ನು ಲಿಖಿತವಾಗಿಯೇ ಕೇಳಬೇಕು.

ಇದಾವುದೂ ಫಲಿಸದಿದ್ದರೆ ಬೀದರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 2009ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೋರಿಸಿ, ದೂರವಾಣಿ ವ್ಯಾಜ್ಯಗಳನ್ನು ಗ್ರಾಹಕರ ವೇದಿಕೆಗೆ ಒಯ್ಯುವಂತಿಲ್ಲವೆಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. ವೊಡಾಫೋನ್ ಐಡಿಯಾ ಮತ್ತು ಅಜಯ್ ಕುಮಾರ್ ಅಗರ್ವಾಲ್ ನಡುವಣ ಪ್ರಕರಣದಲ್ಲಿ 2022ರ ಫೆಬ್ರವರಿ 16ರಂದು ಅದೇ ನ್ಯಾಯಾಲಯ ಆ ಅಡ್ಡಿಯನ್ನು ತೆಗೆದುಹಾಕಿತು. ಆದರೂ ನಮ್ಮಂತಹವರ ಎದುರಿಗೆ ಇನ್ನೊಂದು ಆಕ್ಷೇಪಣೆ ಬರುವುದು ಖಚಿತ: ‘ಇವರು ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು, ಗ್ರಾಹಕರಲ್ಲ’ ಎಂಬುದು. 2019ರ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವರಿಗೆ ವಿನಾಯಿತಿ ಇರುವ ಕಾರಣ ಒಬ್ಬರೇ ನಡೆಸುವ ಅಂಗಡಿ, ಬಸವಕಲ್ಯಾಣದ ಆಟೋ ನಗರದ ಸಣ್ಣ ವರ್ಕ್‌ಶಾಪುಗಳ ವಾದಕ್ಕೆ ಬಲವಿದೆ. ದೊಡ್ಡ ಕಾರ್ಖಾನೆಗಳಿಗೆ ಅಷ್ಟಿಲ್ಲ. ದೂರಿನಲ್ಲೇ ಈ ಅಂಶವನ್ನು ಸ್ಪಷ್ಟವಾಗಿ ನಮೂದಿಸಬೇಕು. ಜೊತೆಗೆ ಡಾಕೆಟ್ ಸಂಖ್ಯೆ, ಕರೆ ಮಾಡಿದ ದಿನಾಂಕ ಮತ್ತು ಸಮಯ, ಇ-ಮೇಲ್‌ಗಳ ಪ್ರತಿ, ತಲುಪದ ಸಂದೇಶಗಳ ಡೆಲಿವರಿ ವರದಿ ಇವಿಷ್ಟನ್ನೂ ಲಗತ್ತಿಸಬೇಕು. ಡೆಲಿವರಿ ವರದಿಯನ್ನು ಏಜೆಂಟರಿಂದ ಆಯಾ ವಾರವೇ ತರಿಸಿಟ್ಟುಕೊಳ್ಳಿ.