ಮತಪೆಟ್ಟಿಗೆಯಿಂದ ತಪ್ಪಿಸಿಕೊಂಡ ರಾಜ್ಯಪಾಲ ಪದವಿ

ಮಂಗಳೂರಿನಲ್ಲಿ ಹುಟ್ಟಿ ಕೆನರಾ ಹೈಸ್ಕೂಲಿನಲ್ಲಿ ಓದಿದ ಸರ್ ಬೆನೆಗಲ್ ನರಸಿಂಗ ರಾಯರು ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರೆಂಬುದು ಊರಿಗೆ ಹೆಮ್ಮೆಯ ಮಾತು. ಆ ಸಭೆ ಒಮ್ಮೆ ರಾಜ್ಯಪಾಲರನ್ನು ಪ್ರಜೆಗಳೇ ಚುನಾಯಿಸಬೇಕೆಂದು ತೀರ್ಮಾನಿಸಿತ್ತೆಂಬುದು ಮಾತ್ರ ಅಷ್ಟಾಗಿ ನೆನಪಿನಲ್ಲುಳಿದಿಲ್ಲ.

1947ರ ಜುಲೈಯಲ್ಲಿ ಸರ್ದಾರ್ ಪಟೇಲರು ಮಂಡಿಸಿದ ವರದಿಯಲ್ಲಿ, ವಯಸ್ಕರೆಲ್ಲರ ನೇರ ಮತದಿಂದ ರಾಜ್ಯಪಾಲರ ಆಯ್ಕೆಯಾಗಬೇಕೆಂದಿತ್ತು. ಸಭೆ ಅದನ್ನು ಒಪ್ಪಿತು. ಅದೇ ವರ್ಷದ ಕೊನೆಗೆ ನರಸಿಂಗ ರಾಯರು ಅನ್ಯದೇಶಗಳ ಸಂವಿಧಾನಗಳ ಅನುಭವವನ್ನರಿಯಲು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿಬಂದರು.

ಅಮೆರಿಕದಲ್ಲಿ ಇಂಥ ಚುನಾವಣೆ ಹಳೆಯದು. ಅದರ ಜಗಳವೂ ಹಳೆಯದು. 1792ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಪದವಿಗೆ, 1777ರಿಂದ ಅಲ್ಲಿ ಕುಳಿತಿದ್ದ ಜಾರ್ಜ್ ಕ್ಲಿಂಟನ್ನನಿಗೆ ಎದುರಾಗಿ ರಾಷ್ಟ್ರದ ಮುಖ್ಯ ನ್ಯಾಯಾಧೀಶ ಜಾನ್ ಜೇ ನಿಂತನು. ಎಣಿಕೆಯ ಸಮಿತಿ ಮೂರು ಜಿಲ್ಲೆಗಳ ಮತಗಳನ್ನೇ ತಳ್ಳಿಹಾಕಿತು. ಒಟ್ಸೆಗೊ ಜಿಲ್ಲೆಯ ಮತಗಳನ್ನು ಕಳುಹಿಸಿಕೊಟ್ಟ ಷರೀಫನ ಅಧಿಕಾರಾವಧಿ ಮುಗಿದಿತ್ತೆಂಬುದು ಅದಕ್ಕೆ ಕಾರಣ! ಮತ ಹಾಕಿದವನ ಅಪರಾಧವೇನು? ಕ್ಲಿಂಟನ್ನನಿಗೆ 8,440, ಜೇಗೆ 8,332. ಕೇವಲ 108ರ ಅಂತರ. ಕೆರಳಿದ ಬೆಂಬಲಿಗರನ್ನು ಜೇ ಸಮಾಧಾನಪಡಿಸಿದನು. 1795ರಲ್ಲಿ ಗೆದ್ದು ಗವರ್ನರನಾದನು.

ಆದರೆ ಅಲ್ಲಿ ಗವರ್ನರನೇ ಆಡಳಿತದ ಯಜಮಾನ, ಮುಖ್ಯಮಂತ್ರಿಯೆಂಬುವನಿಲ್ಲ. ಇಲ್ಲಿಯೋ, ಆಡಳಿತ ಮಂತ್ರಿಮಂಡಲದ್ದು. ಇಬ್ಬರೂ ಪ್ರಜೆಗಳ ಮತ ಪಡೆದು ಬಂದರೆ ಯಾರ ಮಾತು ನಡೆಯಬೇಕು? 1949ರ ಮೇ ತಿಂಗಳ ಕೊನೆಯಲ್ಲಿ ಬ್ರಜೇಶ್ವರ ಪ್ರಸಾದರು ತಿದ್ದುಪಡಿ ತಂದಾಗ ಚರ್ಚೆ ಸುತ್ತಿದ್ದು ಈ ಪ್ರಶ್ನೆಯನ್ನೇ. ನೆಹರೂ ತಿದ್ದುಪಡಿಯನ್ನು ಬೆಂಬಲಿಸಿದರು. ರಾಜ್ಯಪಾಲರ ನೇಮಕ ರಾಷ್ಟ್ರಪತಿಗಳ ಪಾಲಿಗೆ ಬಂತು. ವಾದ ಬಲವಾದುದೇ; ಆದರೆ ನೇಮಕಗೊಂಡವರ ಕೈಯಲ್ಲಿ ಏನೂ ಉಳಿಯಲಾರದೆಂಬ ನಂಬಿಕೆ ಬಹುಕಾಲ ನಿಲ್ಲಲಿಲ್ಲ.

ಮಂಗಳೂರು ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಮೊದಲ ಮಹಾಚುನಾವಣೆಯಲ್ಲಿ ಇಲ್ಲಿನ ಮತದಾರರು ನರಸಿಂಗ ರಾಯರ ತಮ್ಮ ಶಿವ ರಾಯರನ್ನು ಲೋಕಸಭೆಗೆ ಕಳುಹಿಸಿದರು. ಮದರಾಸು ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದೊರೆತದ್ದು 152, ಬಹುಮತವಿಲ್ಲ. ರಾಜ್ಯಪಾಲ ಶ್ರೀಪ್ರಕಾಶರು ಚುನಾವಣೆಗೇ ನಿಲ್ಲದಿದ್ದ ರಾಜಾಜಿಯವರನ್ನು ಮೇಲ್ಮನೆಗೆ ನಾಮಕರಣ ಮಾಡಿ ಮಂತ್ರಿಮಂಡಲ ರಚಿಸಲು ಕರೆದರು. 1952ರ ಏಪ್ರಿಲ್ 10ರಂದು ರಾಜಾಜಿ ಮುಖ್ಯಮಂತ್ರಿಗಳಾದರು. ಕರೆದವರಿಗಾಗಲಿ, ಕರೆಸಿಕೊಂಡವರಿಗಾಗಲಿ ಮಂಗಳೂರಿನ ಒಬ್ಬ ಮತದಾರನೂ ಮತ ಹಾಕಿರಲಿಲ್ಲ.