ನಿಂತ ಗಾಡಿಯ ರೋಗ, ಹಳಸಿದ ಪೆಟ್ರೋಲ್

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 1961ರಿಂದ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಮಾತ್ರ ಇನ್ನೂ ರಸ್ತೆಯಲ್ಲಿವೆ. ಅವುಗಳ ಆಯಸ್ಸು ಕಾಯುತ್ತಿರುವವರು ಗಲ್ಲಿಗಳಲ್ಲಿ ಪುಟ್ಟ ಗ್ಯಾರೇಜು ಇಟ್ಟುಕೊಂಡ ಹಳೇ ಮೆಕ್ಯಾನಿಕ್‌ಗಳು. ಅವರ ಬಳಿ ಬರುವ ಗಾಡಿಗಳಲ್ಲಿ ಓಡಿ ಸವೆದವು ಇರುವಂತೆ ಓಡದೇ ಕೆಟ್ಟವೂ ಇರುತ್ತವೆ. ಅಪ್ಪನ ಗಾಡಿಯೆಂದು ಮಾರಲು ಮನಸ್ಸಿಲ್ಲದೆ, ಓಡಿಸಲು ಪುರುಸೊತ್ತಿಲ್ಲದೆ ಶೆಡ್ಡಿನಲ್ಲಿ ನಿಲ್ಲಿಸಿದಂಥವು. ಇವುಗಳ ರೋಗದ ಮೂಲ ಬಹಳ ಸಲ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲೇ.

ಪೆಟ್ರೋಲ್ ಹಳಸುತ್ತದೆ. ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಲು ಬೇಕಾದ ಹಗುರ ಅಂಶಗಳೇ ಮೊದಲು ಆರಿಹೋಗುತ್ತವೆ. ಮಿಕ್ಕದ್ದು ಗಾಳಿಯ ಆಮ್ಲಜನಕದ ಜೊತೆ ಸೇರಿ ಹಲಸಿನ ಮೇಣದಂಥ ಅಂಟಾಗುತ್ತದೆ. ಈಗ ಇದರ ಮೇಲೆ ಎಥೆನಾಲ್ ಬೇರೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರು, ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ತಳಕ್ಕೆ ತುಕ್ಕು ಹಿಡಿಯುತ್ತದೆ. ಕಾರ್ಬೊರೇಟರಿಗೆ ಮೊದಲು ಹರಿಯುವುದೂ ಆ ನೀರೇ.

ಕೆಲಸ ಬಲ್ಲ ಮೆಕ್ಯಾನಿಕ್ ಇಂಥ ಗಾಡಿಗೆ ಬಂದ ಕೂಡಲೇ ಕಿಕ್ ಹೊಡೆಯುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಮೂಸುತ್ತಾನೆ. ಹಳಸಿದ ಪೆಟ್ರೋಲಿಗೆ ವಾರ್ನಿಷಿನ ಹುಳಿ ವಾಸನೆ. ಬಣ್ಣವೂ ಚಹಾದ ಕಡೆಗೆ ತಿರುಗಿರುತ್ತದೆ. ಅದನ್ನೆಲ್ಲ ಬಸಿದು ಕಾರ್ಬೊರೇಟರ್ ಬಿಚ್ಚುತ್ತಾನೆ. ಬೌಲಿನ ತಳದಲ್ಲಿ ಹಸಿರು, ಕಂದು ಪದರ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಕೂದಲೆಳೆಯಷ್ಟು ಸಣ್ಣ ತೂತು. ಬೆಳಕು ದಾಟಿ ಬಂದರೆ ಸರಿ. ಬರದಿದ್ದರೆ ಕ್ಲೀನರ್‌ನಲ್ಲಿ ನೆನೆಹಾಕಿ, ಕಂಪ್ರೆಸರ್ ಗಾಳಿ ಬಿಡುತ್ತಾನೆ. ಅದಕ್ಕೂ ಜಗ್ಗದಿದ್ದರೆ ವೈರಿನಿಂದ ಬಿಡಿಸಿದ ತಾಮ್ರದ ಎಳೆ. ಉಕ್ಕಿನ ಪಿನ್ನು ತೂರಿಸುವವನು ಕೆಲಸ ಕಲಿತವನಲ್ಲ: ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಇಷ್ಟು ಮಡಿ ಯಾಕೆಂದರೆ ಈ ಹಳೇ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಬರಬೇಕು. ಜೆಟ್ ಅರ್ಧ ಕಟ್ಟಿಕೊಂಡರೆ ಪೆಟ್ರೋಲೂ ಕಮ್ಮಿ, ಆಯಿಲೂ ಕಮ್ಮಿ. ಬಿಸಿ ಮಾತ್ರ ಜಾಸ್ತಿ. ಹೇಗೋ ಸ್ಟಾರ್ಟ್ ಆಯಿತೆಂದು ಹೆದ್ದಾರಿಗೆ ಹೋದರೆ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ನಿಂತೇಬಿಡುತ್ತದೆ. ಆಮೇಲೆ ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹುಡುಕಬೇಕು. ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ವಾಲ್ವಿಗೆ ಅಂಟು ಹಿಡಿದು ಪುಶ್‌ರಾಡ್ ಬಾಗುವುದೂ ಉಂಟು. ಈಗಿನ ಇಂಜೆಕ್ಷನ್ ಬೈಕುಗಳಲ್ಲಿ ಏಟು ಬೀಳುವುದು ಪಂಪು, ಇಂಜೆಕ್ಟರುಗಳಿಗೆ.

ತಪ್ಪಿಸಿಕೊಳ್ಳುವುದು ಕಷ್ಟವೇನಲ್ಲ. ಒಂದೆರಡು ತಿಂಗಳು ಗಾಡಿ ತೆಗೆಯುವುದಿಲ್ಲವೆಂದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲಿನ ಪೆಟ್ರೋಲನ್ನು ಬಸಿದುಬಿಡಿ. ಟೂ ಸ್ಟ್ರೋಕ್ ಎಂಜಿನ್ನನ್ನು ಪೆಟ್ರೋಲ್ ಮುಗಿದು ತಾನೇ ನಿಲ್ಲುವವರೆಗೆ ಓಡಿಸುವುದಕ್ಕಿಂತ ಇದೇ ಕ್ಷೇಮ. ಇನ್ನೂ ಹೆಚ್ಚು ಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನೂ ಬರಿದು ಮಾಡಿ, ಒಳಗೆ ತೆಳ್ಳಗೆ ಎಣ್ಣೆ ಸವರಿಸಿ. ಇಲ್ಲವೇ ಹೊಸ ಪೆಟ್ರೋಲಿಗೆ ಸ್ಟೆಬಿಲೈಸರ್ ಬೆರೆಸಿ ಟ್ಯಾಂಕ್ ತುಂಬಿಸಿ. ಖಾಲಿ ಜಾಗ ಕಮ್ಮಿಯಿದ್ದಷ್ಟೂ ತೇವ ಕಮ್ಮಿ. ಬಸಿದ ಹಳೇ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ.

ವರ್ಷಗಟ್ಟಲೆ ನಿಂತ ಗಾಡಿ ಮನೆಯಲ್ಲಿದ್ದರೆ, ಕಿಕ್ಕರ್ ಮೇಲೆ ಕಾಲಿಡುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಗಾಡಿಯನ್ನು ತಳ್ಳಿಕೊಂಡೇ ಗ್ಯಾರೇಜಿಗೆ ಹೋಗಿ. ಕಾರ್ಬೊರೇಟರ್ ತೊಳೆಸುವುದು ಕೆಲವು ನೂರು ರೂಪಾಯಿಯ ಕೆಲಸ. ಸೀಜ್ ಆದ ಎಂಜಿನ್ ಬಿಚ್ಚಿಸಿದರೆ ಅದು ಸಾವಿರಗಳ ಲೆಕ್ಕ.