ಹಗಲೆಲ್ಲ ಅಮ್ಮನ ಜೊತೆ ಯಾರು?

ನೀವು ಕೆಲಸಕ್ಕೆ ಹೊರಟ್ರಿ.
ಮರೆವಿನ ಕಾಯಿಲೆ ಇರೋ ಅಮ್ಮನ್ನ
ಹಗಲೆಲ್ಲ ಯಾರು ನೋಡ್ಕೋತಾರೆ?

ಇದಕ್ಕೊಂದು ದಾರಿ ಇದೆ.
ಹಿರಿಯರ ಡೇ ಕೇರ್.

ಇದು ವೃದ್ಧಾಶ್ರಮ ಅಲ್ಲ.
ಬೆಳಿಗ್ಗೆ ಬಿಡ್ತೀರಿ,
ಸಂಜೆ ಕರ್ಕೊಂಡು ಬರ್ತೀರಿ.
ರಾತ್ರಿ ಅಮ್ಮ ನಿಮ್ಮ ಜೊತೇಲೇ.

ಅಲ್ಲಿ ಏನಿರುತ್ತೆ?
ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ.
ಕೂತಲ್ಲೇ ಮಾಡೋ ವ್ಯಾಯಾಮ.
ಚೌಕಾಬಾರ, ಹಳೇ ಸಿನಿಮಾ ಹಾಡು.

ಮಗನ ಹೆಸರು ಮರೆತಿರಬಹುದು.
ಅವರೆಕಾಯಿ ಕೈಗೆ ಕೊಡಿ,
ಬೆರಳು ತಾವಾಗೇ ಕಾಳು ಬಿಡಿಸ್ತಾವೆ.
ಕೈ ಕಲಿತದ್ದು ಬೇಗ ಮರೆಯಲ್ಲ.

ಮತ್ತೆ, ನೀವು?
ಸೇದಿ ಸೇದಿ ತಳ ಕಂಡ ಬಾವಿಗೆ
ಒರತೆ ತುಂಬೋಕೆ ಹೊತ್ತು ಬೇಕು.
ನೋಡ್ಕೊಳ್ಳೋರಿಗೂ ಅಷ್ಟೇ.
ಬಿಡುವು ತಗೊಂಡ್ರೆ ಅಮ್ಮನ್ನ ಕೈಬಿಟ್ಟ ಹಾಗಲ್ಲ.

ಬೆಂಗಳೂರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್
ಇಂಥ ಹಗಲಿನ ಆರೈಕೆ ಕೊಡ್ತಿದೆ.

ಎಲ್ಲೇ ಸೇರಿಸಿ,
ಮೊದಲು ಒಂದು ಗಂಟೆ ಅಲ್ಲಿ ಕೂತು ನೋಡಿ.
ಶೌಚಾಲಯದಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆಯಾ?
ಸಿಬ್ಬಂದಿ ಹಿರಿಯರ ಪಕ್ಕ ಕೂತು ಮಾತಾಡ್ತಾರಾ?

ನಿಮ್ಮೂರಲ್ಲಿ ಡೇ ಕೇರ್ ಎಲ್ಲಿದೆ ಅಂತ ಗೊತ್ತಿಲ್ವಾ?
ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್‌ಗೆ ಫೋನ್ ಮಾಡಿ: 14567.
ಕರೆ ಉಚಿತ.
ಇವತ್ತೇ ಕೇಳಿ.